ಕೋವಿ ಯಾರದು, ತಮಟೆ ಯಾರದು? ಜಿಂಕೆ ಬೇಟೆ ಕ್ಲಬ್ಬಿನ ಲಾಭ ನಷ್ಟದ ಲೆಕ್ಕ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಅಮೆರಿಕಕ್ಕೆ ಕೆಲಸಕ್ಕೆ ಹೋಗಿರುವ ನಮ್ಮ ತರೀಕೆರೆ ಕಡೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಆಫೀಸಿನವರು ಜಿಂಕೆ ಬೇಟೆ ಕ್ಲಬ್ಬಿಗೆ ಸೇರು ಅಂತಿದಾರೆ. ವರ್ಷಕ್ಕಿಷ್ಟು ದುಡ್ಡು ಕಟ್ಟಿದ್ರೆ ಖಾಸಗಿ ಕಾಡಲ್ಲಿ ಬೇಟೆಗೆ ಬಿಡ್ತಾರೆ. ಸೇರ್ಲಾ, ಬೇಡ್ವಾ?"

ನಮ್ಮೂರಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಕಡೂರಿನ ಬಯಲಲ್ಲಿ ಕೃಷ್ಣಮೃಗ ಹೊಡೆದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಆದ್ರೂ ನಕ್ಕು ಸುಮ್ಮನಾಗೋ ಪ್ರಶ್ನೆ ಇದಲ್ಲ. ಬೇಟೆ ಕ್ಲಬ್ಬಿನ ಚರಿತ್ರೆ ಅಂದ್ರೆ ಕಾಡು ಯಾರದು, ಕಳ್ಳ ಯಾರು ಅಂತ ತೀರ್ಮಾನ ಮಾಡಿದ ಚರಿತ್ರೆ. ಅದರಲ್ಲಿ ನಮ್ಮ ಕೇರಿಯೂ ಇದೆ.

ಮೊದಲು ಲಾಭದ ಕಡೆ ನೋಡೋಣ. ಸುಮ್ಮನೆ ಬೈದರೆ ನ್ಯಾಯ ಆಗಲ್ಲ.

ಬೇಟೆಗಾರರ ಸಂಘಗಳು ಪ್ರಾಣಿಗಳನ್ನ ಉಳಿಸಿದ್ದೂ ಉಂಟು. ನಮ್ಮ ಪಕ್ಕದ ನೀಲಗಿರಿಯಲ್ಲಿ ಬಿಳಿಯ ಬೇಟೆಗಾರರು 1877ರಲ್ಲಿ ಸಂಘ ಕಟ್ಟಿದರು, 1879ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಇಂಥ ತಿಂಗಳಲ್ಲಿ ಹೊಡೆಯಬಾರದು, ಲೈಸೆನ್ಸ್ ಇಲ್ಲದೆ ಹೊಡೆಯಬಾರದು ಅಂತ ನಿಯಮ ಮಾಡಿದರು. ಅಳಿವಿನ ಅಂಚಿಗೆ ಬಂದಿದ್ದ ಅಲ್ಲಿನ ವರಾಡು ಉಳಿಯೋಕೆ ಅದೂ ಒಂದು ಕಾರಣ. ಅಮೆರಿಕದಲ್ಲಿ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ಕೆಲವು ಲಕ್ಷಕ್ಕೆ ಇಳಿದಿದ್ದವು, ಈಗ ಕೋಟಿಗಳಲ್ಲಿವೆ. 1937ರ ಕಾಯ್ದೆಯಂತೆ ಬಂದೂಕು, ತೋಟಾ ಮೇಲಿನ ತೆರಿಗೆ ದುಡ್ಡು ವನ್ಯಜೀವಿ ರಕ್ಷಣೆಗೆ ಹೋಗುತ್ತೆ. ಅಲ್ಲಿ ಹುಲಿಯಿಲ್ಲ, ತೋಳ ಕಡಿಮೆ, ಜಿಂಕೆ ಹೆಚ್ಚಾದ್ರೆ ಬೆಳೆಯೂ ಕಾಡೂ ಎರಡೂ ಹಾಳು. ಹೊಡೆದ ಮಾಂಸ ಮನೆಗೆ ಬರುತ್ತೆ, ನಾಲ್ಕು ಜನರ ಜೊತೆ ಬೆರೆಯೋದಾಗುತ್ತೆ. ಇವೆಲ್ಲ ಸುಳ್ಳಲ್ಲ.

ಈಗ ನಮ್ಮ ನೆಲಕ್ಕೆ ಬನ್ನಿ. ನಮ್ಮದು 1947ರವರೆಗೂ "ಕಡೂರು ಜಿಲ್ಲೆ" ಅಂತಲೇ ಕರೆಸ್ಕೊಂಡಿದ್ದ ಸೀಮೆ. ಪಶ್ಚಿಮಕ್ಕೆ ಲಕ್ಕವಳ್ಳಿಯ ಕಾಡು, ಪೂರ್ವಕ್ಕೆ ಕಡೂರು, ಅಜ್ಜಂಪುರದ ಹುಲ್ಲುಗಾವಲು. ಆ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. 1799ರ ನಂತರ ಕಂಪನಿಯವರು ತಮ್ಮ ಫಿರಂಗಿ ಎಳೆಸೋಕೆ ಅದೇ ಎತ್ತು ಬಳಸಿದರು. ಒಂದು ಕಾಲಕ್ಕೆ ಮೈಸೂರು ಸೀಮೆಯಲ್ಲಿ ಇಂಥ ಕಾವಲು 4 ಲಕ್ಷ ಎಕರೆಗೂ ಹೆಚ್ಚಿತ್ತು. ದನಕ್ಕೆ ಅಂತ ಕಾದಿಟ್ಟ ಹುಲ್ಲಲ್ಲಿ ಕೃಷ್ಣಮೃಗವೂ ಬದುಕಿತು. (ವಿಜ್ಞಾನದ ಲೆಕ್ಕದಲ್ಲಿ ಅದು ಜಿಂಕೆಯಲ್ಲ, ಹುಲ್ಲೆ. ನಮ್ಮ ಜನರ ಬಾಯಲ್ಲಿ ಎಲ್ಲವೂ ಜಿಂಕೆಯೇ.)

1900ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಬಂತು. ಮರುವರ್ಷ, 1901ರಲ್ಲಿ, ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ ಬಂತು. ಕಾಗದದ ಮೇಲೆ ಎಲ್ಲರಿಗೂ ಒಂದೇ ಕಾನೂನು. ಆದ್ರೆ ಲೈಸೆನ್ಸಿಗೆ ದುಡ್ಡು ಕಟ್ಟೋನು ಯಾರು? ಅರ್ಜಿ ಬರೆಯೋನು ಯಾರು? ಕಚೇರಿ ಮೆಟ್ಟಿಲು ಹತ್ತೋಕೆ ಬಿಡ್ತಿದ್ದುದು ಯಾರನ್ನ? ದೊರೆ, ಸಾಹೇಬ, ಎಸ್ಟೇಟ್ ಮಾಲೀಕ ಹೊಡೆದರೆ ಅದು ಶಿಕಾರಿ. ಬಲೆ, ಉರುಲು ಹಾಕಿ ಒಂದು ಮೊಲ ತಂದ ಬಡವ ಕಳ್ಳ.

ಹಾಗಂತ ಬೇಟೆಯಲ್ಲಿ ನಮ್ಮೋರು ಇರ್ಲಿಲ್ವಾ? ನಮ್ಮಂಥೋರು ಇಲ್ಲದೆ ಬೇಟೆ ನಡೀತಾನೇ ಇರ್ಲಿಲ್ಲ. ಪೊದೆ ಬಡಿದು, ಕೂಗು ಹಾಕಿ, ತಮಟೆ ಹೊಡೆದು ಮೃಗ ಎಬ್ಬಿಸೋದಕ್ಕೆ ಮಲೆನಾಡಲ್ಲಿ ಹಳು ನುಗ್ಗೋದು ಅಂತಾರೆ. ಕೋವಿ ಹಿಡಿದೋನು ಕಾದು ಕೂರೋದಕ್ಕೆ ಬಿಲ್ಲಿಗೆ ಕೂರೋದು ಅಂತಾರೆ. ಬಿಲ್ಲಿಗೆ ಕೂತವನು ಒಡೆಯ. ಹಳು ನುಗ್ಗಿದವನು ಆಳು. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಮೊದಲು ಸಿಗೋದು ಹಳುವಿನಲ್ಲಿರೋನೇ. ಫೋಟೋದಲ್ಲಿ ಸತ್ತ ಮೃಗದ ತಲೆ ಮೇಲೆ ಕಾಲಿಟ್ಟು ನಿಂತೋನ ಹೆಸರು ಇರುತ್ತೆ. ಹಿಂದೆ ಬರಿಮೈಲಿ ನಿಂತೋರ ಹೆಸರು ಇರಲ್ಲ.

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನ ನಮ್ಮಲ್ಲಿ ಓದದವರು ಕಡಿಮೆ. ನಮ್ಮ ಕಡೂರು ಕಡೆಯ ಎಮ್ಮೆದೊಡ್ಡಿಯ ನರಭಕ್ಷಕ ಹುಲಿ ಬಗ್ಗೆಯೂ ಆಂಡರ್ಸನ್ ಬರೆದಿದ್ದಾನೆ. ಅವನಿಗೆ ಕಾಡು ಓದೋದು ಕಲಿಸಿದವರಲ್ಲಿ ಬೈರ ಅನ್ನೋ ತಮಿಳುನಾಡಿನ ಕಾಡಿನ ಬುಡಕಟ್ಟಿನ ಮನುಷ್ಯ ಒಬ್ಬ. ಕಾನೂನಿನ ಕಣ್ಣಲ್ಲಿ ಬೈರ ಕಳ್ಳಬೇಟೆಗಾರ. ಇದನ್ನ ಆಂಡರ್ಸನ್ ಮುಚ್ಚಿಡಲಿಲ್ಲ ಅನ್ನೋದು ಅವನ ದೊಡ್ಡತನ. ಆದ್ರೆ ವಿದ್ಯೆ ಬೈರನದು, ಲೈಸೆನ್ಸು ಸಾಹೇಬನದು ಅನ್ನೋದು ಮಾತ್ರ ಬದಲಾಗಲಿಲ್ಲ.

ಇನ್ನೂ ಕ್ರೂರವಾದ ಉದಾಹರಣೆ ಉತ್ತರ ಕರ್ನಾಟಕದ್ದು. ಹರಣಶಿಕಾರಿ ಸಮುದಾಯ ನಿಮಗೆ ಗೊತ್ತು. ಹರಣ ಅಂದ್ರೆ ಜಿಂಕೆ. ಹೆಸರೇ ಜಿಂಕೆ ಬೇಟೆಗಾರ. ಬ್ರಿಟಿಷರು ಈ ಜನರನ್ನ ಅಪರಾಧಿ ಬುಡಕಟ್ಟು ಅಂತ ಪಟ್ಟಿಗೆ ಸೇರಿಸಿ ಹುಬ್ಬಳ್ಳಿ, ಗದಗದ ಸೆಟ್ಲ್‌ಮೆಂಟುಗಳಲ್ಲಿ ಕೂಡಿಹಾಕಿದರು. 1871ರಲ್ಲಿ ಶುರುವಾದ ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ. ಒಂದೇ ದೇಶ, ಒಂದೇ ಕಾಲ, ಒಂದೇ ಜಿಂಕೆ. ಹೊಡೆದ ಸಾಹೇಬನಿಗೆ ಕ್ಲಬ್ಬಿನ ಸದಸ್ಯತ್ವ, ಹೊಡೆದ ಹರಣಶಿಕಾರಿಗೆ ಹುಟ್ಟಿನಿಂದಲೇ ಅಪರಾಧಿ ಪಟ್ಟ!

ನಮ್ಮ ಹುಡುಗ ಈಗಿರೋ ದೇಶದ ಕತೆಯೂ ಬೇರೆಯಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ತೋಟದ ಧಣಿಗಳ ಜಿಂಕೆ ಬೇಟೆಗೆ ನಾಯಿ ಬಿಟ್ಟು ಜಿಂಕೆ ಎಬ್ಬಿಸ್ತಿದ್ದವರು ಕಪ್ಪು ಗುಲಾಮರು. 1865ರಲ್ಲಿ ಬಿಡುಗಡೆ ಆದ ಮೇಲೆ ಅದೇ ಜನ ತಮ್ಮ ಹೊಟ್ಟೆಗೆ ಬೇಟೆ ಆಡೋಕೆ ಶುರು ಮಾಡಿದರು. ಧಣಿಗಳಿಗೆ ಸಂಕಟ ಆಯ್ತು. ಯಾಕೆ? ಕಾಡಲ್ಲಿ ಊಟ ಸಿಕ್ಕರೆ ಹತ್ತಿ ಹೊಲಕ್ಕೆ ಕೂಲಿಗೆ ಯಾರು ಬರ್ತಾರೆ? ಆಗ ಬೇಲಿ ಬಂತು, ಅತಿಕ್ರಮ ಪ್ರವೇಶದ ಕಾನೂನು ಬಂತು, ಲೈಸೆನ್ಸ್ ಬಂತು. ನಮಗೆ ಇದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜಂದಿರಿಗೆ ಕಾಡಿನ ಒಂದು ಮೊಲ ಅಂದ್ರೆ ಆ ದಿನ ಗೌಡರ ಹಟ್ಟಿ ಮುಂದೆ ಕೈಯೊಡ್ಡದೆ ಇರೋ ಸ್ವಾತಂತ್ರ್ಯ.

ಹಾಗಾದ್ರೆ ಇವತ್ತು ದುಡ್ಡು ಕೊಟ್ಟು ಆ ಕ್ಲಬ್ಬಿನೊಳಗೆ ಹೋದ್ರೆ ಅದು ಗೆಲುವಲ್ವಾ? ಇಲ್ಲಿ ಬಾಬಾಸಾಹೇಬರನ್ನ ನೆನೆಯಬೇಕು. 1933ರ ಫೆಬ್ರವರಿಯಲ್ಲಿ ದೇವಸ್ಥಾನ ಪ್ರವೇಶದ ಮಸೂದೆ ಬಗ್ಗೆ ಹೇಳಿಕೆ ಕೊಡುವಾಗ ಅವರು ಉದಾಹರಣೆ ತಗೊಂಡಿದ್ದು ಕ್ಲಬ್ಬಿನದನ್ನೇ. ನಾಯಿಗೂ ಭಾರತೀಯರಿಗೂ ಪ್ರವೇಶವಿಲ್ಲ ಅಂತ ಬೋರ್ಡು ಹಾಕಿದ್ದ ಯುರೋಪಿಯನ್ನರ ಕ್ಲಬ್ಬಿನ ಮುಂದೆ ಹಿಂದೂಗಳು ಹೋಗಿ ಬೇಡಲಿಲ್ಲ, ಮತ್ತೆ ನಾವ್ಯಾಕೆ ಗುಡಿ ಮುಂದೆ ಬೇಡಬೇಕು ಅನ್ನೋದು ಅವರ ವಾದದ ತಿರುಳು. ಅದೇ ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಕೆರೆ ನೀರು ಮುಟ್ಟಿದರು. ಯಾಕಂದ್ರೆ ಕೆರೆ ಸಾರ್ವಜನಿಕರದ್ದು. ಕ್ಲಬ್ ಬೇರೆ, ಕೆರೆ ಬೇರೆ. ಒಂದು ಅವರು ಕೊಡೋ ಮರ್ಯಾದೆ, ಇನ್ನೊಂದು ನಮ್ಮದೇ ಆದ ಹಕ್ಕು.

ಈ ಅಳತೆಗೋಲು ಹಿಡಿದೇ ಆ ಹುಡುಗನಿಗೆ ಹೇಳಿದೆ: ತಮ್ಮಾ, ಅಲ್ಲಿನ ಕಾನೂನು ಒಪ್ಪುತ್ತೆ, ಮಾಂಸ ತಿನ್ನೋದು ನಮಗೆ ನಾಚಿಕೆ ವಿಷಯ ಅಲ್ಲ. ಸರ್ಕಾರದ ಸಾರ್ವಜನಿಕ ಕಾಡಲ್ಲಿ ಲೈಸೆನ್ಸ್ ತಗೊಂಡು ಬೇಟೆ ಆಡೋಕೆ ಅಲ್ಲಿ ಅವಕಾಶ ಇದೆ, ಮೊದಲು ಅದನ್ನ ವಿಚಾರಿಸು. ಖಾಸಗಿ ಕ್ಲಬ್ಬೇ ಬೇಕು ಅಂದ್ರೆ, ನಿಯಮ ಮಾಡೋ ಸಭೆಯಲ್ಲಿ ನಿನಗೆ ಓಟು ಇದೆಯಾ, ಆ ಜಾಗದ ಸುತ್ತಲಿನ ಬಡವರಿಗೆ ಬಾಗಿಲು ತೆರೆದಿದೆಯಾ, ಕೇಳು. ಇಲ್ಲ ಅಂದ್ರೆ ನೀನು ಕಟ್ಟೋದು ಇನ್ನೊಬ್ಬರನ್ನ ಹೊರಗಿಡೋ ಬೇಲಿಯ ದುಡ್ಡು.

ಆದ್ರೆ ನನ್ನ ಚಿಂತೆ ಅಮೆರಿಕದ್ದಲ್ಲ, ನಮ್ಮ ಮೂರು ತಾಲ್ಲೂಕಿನದು. 1972ರ ವನ್ಯಜೀವಿ ಕಾಯ್ದೆ ಮೊದಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಉಳಿಸಿಕೊಂಡಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಒಳ್ಳೇದೇ ಆಯ್ತು. ಬೇಟೆ ಕ್ಲಬ್ ಹೋಯ್ತು, ಆದ್ರೆ ಕಾಡಿನ ಬಗ್ಗೆ ತೀರ್ಮಾನ ಮಾಡೋ ಮೇಜು ಹೋಗಲಿಲ್ಲ. 1951ರ ಜಾಗರ ಕಣಿವೆ ಅಭಯಾರಣ್ಯ 1974ರಲ್ಲಿ ಭದ್ರಾ ಆಯ್ತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕೆಲವೇ ವರ್ಷದಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಒಳಗಿನ ಊರು ಬಿಟ್ಟು ತರೀಕೆರೆಯ ಎಂ.ಸಿ.ಹಳ್ಳಿ ಮತ್ತು ಕೆಳಗೂರಿಗೆ ಬಂದವು. ಇವತ್ತು ಅದೇ ಕಾಡಿನ ಅಂಚಿಗೆ ಸಫಾರಿ, ರೆಸಾರ್ಟು. ಅಲ್ಲಿ ಕೋವಿ ಬದಲು ಕ್ಯಾಮೆರಾ. ಜೀಪಿನಲ್ಲಿ ಕೂರೋರು ಯಾರು, ತಟ್ಟೆ ತೊಳೆಯೋರು ಯಾರು, ನೀವೇ ನೋಡಿ.

ಕಡೂರಿನ ಬಾಸೂರು ಅಮೃತಮಹಲ್ ಕಾವಲು, ಸುಮಾರು 1,800 ಎಕರೆ, 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಣಾ ಮೀಸಲು ಪ್ರದೇಶ ಆಯ್ತು. ಇಂಥ ಪ್ರದೇಶಕ್ಕೆ ಒಂದು ನಿರ್ವಹಣಾ ಸಮಿತಿ ಇರಬೇಕು ಅಂತ ಕಾಯ್ದೆಯ 36ಬಿ ಕಲಂ ಹೇಳುತ್ತೆ. ಅದರಲ್ಲಿ ಅರಣ್ಯ ಇಲಾಖೆಯವರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶು ಇಲಾಖೆಯಿಂದ ಒಬ್ಬೊಬ್ಬರು, ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬ ಪ್ರತಿನಿಧಿ. ಪರಿಶಿಷ್ಟರಿಗೆ ಇಂತಿಷ್ಟು ಜಾಗ ಅಂತ ಆ ಕಲಂ ಹೇಳಲ್ಲ. ಕಾವಲಿನ ಪಕ್ಕ ಎರಡು ಎಕರೆ ದರಖಾಸ್ತು ಜಮೀನಲ್ಲಿ ರಾಗಿ ಹಾಕಿ, ರಾತ್ರಿಯೆಲ್ಲ ಜಿಂಕೆ ಕಾಯೋ ನಮ್ಮ ಜನಕ್ಕೆ ಒಳಗೆ ಹೋಗೋಕೆ ಇರೋದು ಪಂಚಾಯ್ತಿಯ ಆ ಒಂದೇ ಬಾಗಿಲು.

ನಾವು ಸೇರಬೇಕಾದ ಜಿಂಕೆ ಕ್ಲಬ್ ಅದು. ಜಿಂಕೆ ಉಳೀಲಿ, ನಾವು ಅದರ ವೈರಿಗಳಲ್ಲ. ಆದ್ರೆ ಬೆಳೆ ಪರಿಹಾರ ಎಷ್ಟು, ಮೇವಿನ ಹಕ್ಕು ಯಾರಿಗೆ, ವಾಚರ್ ಕೆಲಸ ಯಾರಿಗೆ ಅಂತ ಮಾತಾಡೋ ಮೇಜಿನ ಸುತ್ತ ನಮ್ಮ ಕೇರಿಯ ಒಬ್ಬ ಹೆಣ್ಣುಮಗಳೋ ಗಂಡುಮಗನೋ ಕೂತಿರಬೇಕು. ಕಡೂರು ಕಡೆಯ ಪಂಚಾಯ್ತಿ ಸದಸ್ಯರು ಯಾರಾದ್ರೂ ಇದನ್ನ ಓದ್ತಿದ್ದರೆ, ಮುಂದಿನ ಸಭೆಯಲ್ಲೇ ಕೇಳಿ: ಸಮಿತಿಗೆ ನಮ್ಮ ಪಂಚಾಯ್ತಿಯಿಂದ ಯಾರ ಹೆಸರು ಹೋಗಿದೆ? ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತಗೊಳ್ಳಿ.

ಹಳು ನುಗ್ಗಿದ್ದು ಸಾಕು.

ಜೈ ಭೀಮ್.