ಹಂಚಿದ ಮಾತ್ರೆ, ಹೀರಿದ ಕಬ್ಬಿಣ: ಸಂತಾನೋತ್ಪತ್ತಿ ವಯೋಮಾನದ ಮಹಿಳೆಯರ ರಕ್ತಹೀನತೆ

ಪೌಷ್ಟಿಕ ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಶೇ 47.8. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚು. ಸಮೀಕ್ಷೆಯಲ್ಲಿ ಬಳಸಿದ ಬೆರಳ ತುದಿಯ ರಕ್ತದ ಅಳತೆ ಅಷ್ಟು ನಂಬಲರ್ಹವಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಸಮಸ್ಯೆಯೇನೂ ಸಣ್ಣದಾಗದು. ಹಂಚಿದ ಮಾತ್ರೆಗಳ ಲೆಕ್ಕ ನಮ್ಮಲ್ಲಿದೆ, ದೇಹ ಹೀರಿಕೊಂಡ ಕಬ್ಬಿಣದ್ದಿಲ್ಲ ಎಂಬುದು ಈ ಲೇಖನದ ವಾದ.

ಊಟದಿಂದಲೇ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿ.ಗ್ರಾಂ ಕಬ್ಬಿಣವಿದೆ. ನಮ್ಮ ಆಹಾರದಿಂದ ಮಹಿಳೆಯರು ಹೀರಿಕೊಳ್ಳುವುದು ಶೇ 8 ಎಂಬುದು ಐಸಿಎಂಆರ್ 2020ರ ಶಿಫಾರಸಿನ ಎಣಿಕೆ. ಅಂದರೆ ಅಷ್ಟು ಹಿಟ್ಟಿನ ಮುದ್ದೆಯಿಂದ ದಕ್ಕುವುದು 0.4 ಮಿ.ಗ್ರಾಂ ಕೂಡ ಇಲ್ಲ. ಮುಟ್ಟಿನಲ್ಲಿ 30–40 ಮಿ.ಲೀ. ರಕ್ತ ಹೋದರೆ 15–20 ಮಿ.ಗ್ರಾಂ ಕಬ್ಬಿಣ ನಷ್ಟ. ಚರ್ಮ, ಕರುಳಿನ ಮೂಲಕ ದಿನನಿತ್ಯ ಹೋಗುವುದು ಬೇರೆ. ರಾಗಿಯ ಫೈಟೇಟ್, ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಎರಡೂ ಹೀರಿಕೆಗೆ ಅಡ್ಡಿ. ಮೊಳಕೆ ಕಟ್ಟಿದ ರಾಗಿಯಲ್ಲಿ ಫೈಟೇಟ್ ಇಳಿಯುತ್ತದೆ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆ ಹೀರಿಕೆ ಹೆಚ್ಚಿಸುತ್ತದೆ. ರಾಗಿ ತಿಂದರೆ ರಕ್ತ ಬರುತ್ತದೆ ಎಂಬ ಸಲಹೆ ಹಾಗಾಗಿ ಅರ್ಧ ಸತ್ಯ.

ಹಾಗಾದರೆ ಮಾತ್ರೆ ಬೇಕೇ ಬೇಕು. ಗರ್ಭಿಣಿಗೆ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ಕೊಡುವುದು ನಿಯಮ. ಆದರೆ ಅದೇ ಸಮೀಕ್ಷೆಯಂತೆ ದೇಶದಲ್ಲಿ 180 ದಿನ ನುಂಗಿದ ತಾಯಂದಿರು ಶೇ 26 ಮಾತ್ರ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವ ಗಾಬರಿ ಇವನ್ನು ಉದಾಸೀನ ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಹೀರಿಕೆ ಕುಗ್ಗುತ್ತದೆ. ಎರಡನ್ನೂ ಒಂದೇ ಸಲ ಕೈಗಿಡುವಾಗ ಇದನ್ನು ಬಿಡಿಸಿ ಹೇಳುವುದು ಅಗತ್ಯ.

ಇನ್ನೂ ಒಂದು ತೊಡಕಿದೆ. ಒಂದು ಮಾತ್ರೆ ನುಂಗಿದ ಮೇಲೆ ಯಕೃತ್ತಿನ ಹೆಪ್ಸಿಡಿನ್ ಹಾರ್ಮೋನು ಸುಮಾರು 24 ಗಂಟೆ ಏರಿರುತ್ತದೆ, ಮರುದಿನದ ಮಾತ್ರೆಯ ಹೀರಿಕೆ ತಗ್ಗುತ್ತದೆ. 2017ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನದಲ್ಲಿ ದಿನವೂ ನುಂಗಿದವರ ಹೀರಿಕೆ ಶೇ 16.3, ದಿನ ಬಿಟ್ಟು ದಿನ ನುಂಗಿದವರದು ಶೇ 21.8. ಅವರು ಕಬ್ಬಿಣದ ಕೊರತೆಯಿದ್ದರೂ ರಕ್ತಹೀನರಲ್ಲದ ಯುವತಿಯರು. ಗರ್ಭಿಣಿಯರಿಗೆ ಇದನ್ನು ಹಾಗೇ ಅನ್ವಯಿಸುವಂತಿಲ್ಲ.

ಹಿಮೋಗ್ಲೋಬಿನ್ ಒಂದರಿಂದಲೇ ಕಬ್ಬಿಣದ ಕೊರತೆ ತಿಳಿಯದು. ಬಿ12 ಕೊರತೆಯಿಂದಲೂ ಅದು ಇಳಿಯುತ್ತದೆ. ಆದ್ದರಿಂದ ಮಾತ್ರೆಗೆ ಜಗ್ಗದ ಪ್ರಕರಣಗಳಲ್ಲಾದರೂ ಜಿಲ್ಲಾ ಆಸ್ಪತ್ರೆಗಳು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಬೇಕು, ತಾಯಿ ಕಾರ್ಡಿನಲ್ಲಿ ಮಾತ್ರೆ ಕೊಟ್ಟ ದಿನಾಂಕದ ಪಕ್ಕದಲ್ಲೇ ನುಂಗುವ ಹೊತ್ತನ್ನೂ ಬರೆಯಬೇಕು.