ಪಹಣಿಯ ಅಂಕಣಗಳೂ ತಾಳೆಯ ನಿಯಮಗಳೂ

ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಕಾಲದಲ್ಲಿ ಮಾನ್ಯಪುರವೆಂಬ ರಾಜನಿವಾಸವಾಗಿದ್ದುದು ಚರಿತ್ರಜ್ಞರಿಗೆ ವಿದಿತವೇ ಆಗಿದೆ. ಅಲ್ಲಿಯ ಶಕ 719ರ (ಕ್ರಿ. ಶ. 797) ತಾಮ್ರಶಾಸನವನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ತಾಮ್ರಪಟಗಳ ಹಲಗೆಗಳನ್ನು ಬಳೆಯಿಂದ ಪೋಣಿಸಿ, ಬಳೆಗೆ ಗಜಮುದ್ರೆಯನ್ನು ಒತ್ತುವುದು ವಾಡಿಕೆ. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನೂ ಸೇರಿಸಲಾಗದು, ತೆಗೆಯಲಾಗದು. ದತ್ತಭೂಮಿಗೆ ಎಲ್ಲೆಗಳನ್ನೂ ಕಾಲಕ್ಕೆ ತಿಥಿವಾರಗಳನ್ನೂ ಹೇಳುವುದುಂಟು. ಇಷ್ಟಾದರೂ ಈ ವಂಶದ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಪಂಡಿತರು ವಾದಿಸಿದರು, ರೈಸರು ಅದನ್ನೊಪ್ಪಲಿಲ್ಲ. ಆ ವಿವಾದದ ನಿರ್ಣಯವು ಇಲ್ಲಿ ಪ್ರಕೃತವಲ್ಲ. ಮುದ್ರೆಯು ಅಖಂಡವಾಗಿದ್ದ ಮಾತ್ರಕ್ಕೆ ಬರೆದುದು ಸತ್ಯವಾಗದು, ತಿಥಿಯನ್ನೂ ಲಿಪಿಯನ್ನೂ ಬೇರೆ ಪ್ರಮಾಣಗಳೊಡನೆ ತಾಳೆನೋಡಬೇಕು ಎಂಬುದಷ್ಟೇ ಗ್ರಾಹ್ಯ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ರೆವಿನ್ಯೂ ಸರ್ವೆ ಆರಂಭವಾದ ಮೇಲೆ ಎಲ್ಲೆಯ ವರ್ಣನೆಯ ಸ್ಥಾನಕ್ಕೆ ಸರ್ವೆ ನಂಬರು ಬಂದಿತು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ರೈತನಿಗೆ ಪಹಣಿಯೇ ಇಂದಿನ ತಾಮ್ರಪಟ. ಸಾಲಕ್ಕೂ ಕ್ರಯಕ್ಕೂ ಅದು ಬೇಕು. ಅದರ ಮೂರನೆಯ ಅಂಕಣದಲ್ಲಿ ಭೂಮಿಯ ವಿಸ್ತೀರ್ಣವೂ, ಒಂಬತ್ತನೆಯದರಲ್ಲಿ ಕಬ್ಜೆದಾರರ ಹೆಸರುಗಳೂ ಅವರವರ ವಿಸ್ತೀರ್ಣವೂ, ಹತ್ತನೆಯದರಲ್ಲಿ ಹಕ್ಕು ಬಂದ ಬಗೆಯೂ ಮ್ಯುಟೇಷನ್ ನಂಬರೂ ಇರುತ್ತವೆ.

1970ರಲ್ಲಿ ಕಾಡ್ ಎಂಬ ಗಣಿತಜ್ಞನು ಸಂಬಂಧಾತ್ಮಕ ದತ್ತಸಂಚಯದ ಸಿದ್ಧಾಂತವನ್ನು ಪ್ರತಿಪಾದಿಸಿದಾಗ ಹೇಳಿದ ನಿಯಮಗಳನ್ನು ಈ ಅಂಕಣಗಳಲ್ಲಿ ಗುರುತಿಸುವುದು ಕಷ್ಟವಲ್ಲ. ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವು ಕೂಡಿ ಒಂದೇ ಭೂಮಿಯನ್ನು ಸೂಚಿಸತಕ್ಕದ್ದು. ಇದು ಮುಖ್ಯ ಕೀಲಿ. ಹತ್ತನೆಯ ಅಂಕಣದ ನಂಬರು ಮ್ಯುಟೇಷನ್ ವಹಿಯಲ್ಲಿ ಇದ್ದೇ ಇರತಕ್ಕದ್ದು, ಇದು ಪರಕೀಲಿ. 40 ಗುಂಟೆಗೆ ಒಂದು ಎಕರೆಯಾದುದರಿಂದ ಗುಂಟೆಯ ಮನೆಯಲ್ಲಿ 39ನ್ನು ಮೀರಿದ ಅಂಕಿ ಸಲ್ಲದು.

2001ರ ಸುಮಾರಿಗೆ 'ಭೂಮಿ' ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರೆಹದ ಪಹಣಿಯ ಮಾನ್ಯತೆ ಹೋಯಿತು. ಬರೆಯುವವನ ಬೆರಳಚ್ಚು ಹಿಂದಿನ ರಾಜಮುದ್ರೆಯ ಸ್ಥಾನದಲ್ಲಿ ನಿಂತಿತು. ಆದರೆ ಯಂತ್ರಕ್ಕೆ ಸೇರಿದುದು ಹಳೆಯ ಬರೆಹವೇ. ಒಂಬತ್ತನೆಯ ಅಂಕಣದ ಮೊತ್ತವು ಮೂರನೆಯದಕ್ಕೆ ಹೊಂದದ ಪಹಣಿಗಳು ಹಾಗೆಯೇ ಒಳಬಂದವು. ನಿಯಮವನ್ನು ಮೊದಲ ದಿನವೇ ಬಿಗಿಯಾಗಿ ಹೇರಿದ್ದರೆ ಅಂತಹ ಪಹಣಿಗಳು ಯಂತ್ರದ ಹೊರಗುಳಿದು, ರೈತನ ಕೈ ಬರಿದಾಗುತ್ತಿತ್ತು. ಸಡಿಲಿಸಿದುದೇ ವಿವೇಕವೆಂದು ತೋರುತ್ತದೆ. ವ್ಯತ್ಯಾಸದ ಮೂಲವು ಹಲವೆಡೆ ಪೋಡಿಯಾಗದ ದರಖಾಸ್ತು ಜಮೀನು: ಒಂದೇ ನಂಬರಿನ 'ಪೈಕಿ' ಮಂಜೂರಾದ ತುಂಡುಗಳನ್ನು ಕೂಡಿದರೆ ನೆಲಕ್ಕಿಂತ ಮೊತ್ತವೇ ದೊಡ್ಡದು. ಅದನ್ನು ತಿದ್ದಲು ಯಂತ್ರವು ಸಾಲದು. ಆಕಾರಬಂದನ್ನೂ ಟಿಪ್ಪಣಿಯನ್ನೂ ತೆಗೆದು, ಭೂಮಾಪಕನು ಸರಪಳಿಯನ್ನೋ ಈಗಿನ ಉಪಕರಣವನ್ನೋ ಹಿಡಿದು ಹೊಲಕ್ಕೇ ಹೋಗಬೇಕು.