ವಿಮಾನದಲ್ಲಿ ಪ್ರಯಾಣಿಕ ಯಾರು?

ವಿಮಾನದಲ್ಲಿ ಇರುವವರೆಲ್ಲರೂ ಪ್ರಯಾಣಿಕರಲ್ಲ ಎಂಬ ಭೇದ ಇಂದು ಸಹಜವೆನಿಸಿದರೂ, ಅದು ಕಾನೂನಿನಲ್ಲಿ ನೆಲೆಗೊಳ್ಳಲು ಕಾಲ ಹಿಡಿಯಿತು. 1908ರ ಮೇ 14ರಂದು ವಿಲ್ಬರ್ ರೈಟ್ ಜೊತೆ ಹಾರಿದ ಚಾರ್ಲ್ಸ್ ಫರ್ನಾಸ್ ರೈಟ್ ಸೋದರರ ಮೆಕ್ಯಾನಿಕ್ ಆಗಿದ್ದರೆ, ಅದೇ ವರ್ಷ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟ್ ಚಲಾಯಿಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಮುರಿದು ಅದು ನೆಲಕ್ಕೆ ಬಿದ್ದಾಗ ಮಡಿದ ಥಾಮಸ್ ಸೆಲ್‌ಫ್ರಿಡ್ಜ್ ಅಮೆರಿಕದ ಸೇನಾಧಿಕಾರಿ. ಇಬ್ಬರನ್ನೂ ಮೊದಲ ಪ್ರಯಾಣಿಕರೆಂದು ಎಣಿಸುವ ವಾಡಿಕೆಯಿದ್ದರೂ, ಎಲ್ಲಿಗೂ ಹೋಗಬೇಕಿರದ ಅವರನ್ನು ಪ್ರಯೋಗದ ಪಾಲುದಾರರೆನ್ನುವುದೇ ಸರಿ. 1914ರ ಜನವರಿ 1ರಂದು ಹರಾಜಿನಲ್ಲಿ 400 ಡಾಲರ್ ತೆತ್ತು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ಯಾಂಪಾಕ್ಕೆ ಹಾರಿದ ಅಬ್ರಾಮ್ ಫೈಲ್ ಅವರದು ಬೇರೆಯೇ ಸ್ಥಾನ: ಹಣ ಕೊಟ್ಟು, ಹಾರಾಟದ ಹೊಣೆಯನ್ನು ಪೂರ್ತಿಯಾಗಿ ಮತ್ತೊಬ್ಬರಿಗೆ ಒಪ್ಪಿಸಿ ಕುಳಿತವರು ಅವರು.

ಆ ಹೊಣೆ ಎಷ್ಟೆಂಬುದನ್ನು ಅಂತರರಾಷ್ಟ್ರೀಯ ಪ್ರಯಾಣದ ಮಟ್ಟಿಗೆ ನಿಗದಿಪಡಿಸಿದ್ದು 1929ರ ಅಕ್ಟೋಬರ್ 12ರ ವಾರ್ಸಾ ಒಪ್ಪಂದ. ಪ್ರಯಾಣಿಕ ಯಾರೆಂದು ಅದು ಎಲ್ಲಿಯೂ ವ್ಯಾಖ್ಯಾನಿಸದಿದ್ದರೂ, ವಿಮಾನ ಏರುವಾಗಿನಿಂದ ಇಳಿಯುವವರೆಗೆ ಅವನಿಗೆ ಒದಗುವ ಸಾವುನೋವುಗಳಿಗೆ ಸಾಗಣೆದಾರನನ್ನು, ಎಂದರೆ ವಿಮಾನ ಸಂಸ್ಥೆಯನ್ನು, ಬಾಧ್ಯಸ್ಥನನ್ನಾಗಿಸಿತು; ಆದರೆ ಎಳೆಯ ಉದ್ಯಮವನ್ನು ಕಾಯುವ ಉದ್ದೇಶದಿಂದ ಪರಿಹಾರಕ್ಕೆ ಒಬ್ಬರಿಗೆ 1,25,000 ಚಿನ್ನದ ಫ್ರಾಂಕುಗಳ ಮಿತಿಯನ್ನೂ ಹಾಕಿತು. ಟಿಕೆಟ್ ಕೊಡದೆ ಯಾರನ್ನಾದರೂ ಹತ್ತಿಸಿಕೊಂಡ ಸಂಸ್ಥೆಗೆ ಈ ಮಿತಿಯ ರಕ್ಷಣೆ ಸಿಗುತ್ತಿರಲಿಲ್ಲವಾದ್ದರಿಂದ, ಪ್ರಯಾಣಿಕನ ಕೈಯಲ್ಲಿದ್ದ ಆ ಚೀಟಿ ಅವನಿಗಿಂತ ಹೆಚ್ಚಾಗಿ ಸಂಸ್ಥೆಯನ್ನೇ ಕಾಯುತ್ತಿತ್ತು. ಮನುಷ್ಯನ ಜೀವಕ್ಕೆ ಮೊದಲೇ ಬೆಲೆ ಕಟ್ಟಿದ ಈ ಏರ್ಪಾಡು ಉದ್ಯಮ ಬಲಿತ ಮೇಲೂ ಬಹುಕಾಲ ಉಳಿದದ್ದು ಅನ್ಯಾಯವೇ ಸರಿ. ಭಾರತ ಇದನ್ನು 1934ರ ಕಾಯಿದೆಯ ಮೂಲಕ ಅಳವಡಿಸಿಕೊಂಡಿತು.

ಪರಿಹಾರದ ಮೇಲ್ಮಿತಿಯನ್ನು ತೆಗೆದುಹಾಕಿದ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 2009ರಲ್ಲಿ. ಮರುವರ್ಷ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಸತ್ತವರಲ್ಲಿ ಕರ್ತವ್ಯದಲ್ಲಿದ್ದ ಆರು ಸಿಬ್ಬಂದಿಯೂ ಇದ್ದರು. ಒಂದೇ ಬೆಂಕಿಯಲ್ಲಿ ಬೆಂದರೂ ಅವರು ಈ ಒಪ್ಪಂದದ ಅರ್ಥದಲ್ಲಿ ಪ್ರಯಾಣಿಕರಾಗಿರಲಿಲ್ಲ. ಪ್ರಯಾಣಿಕರ ವಾರಸುದಾರರಿಗೆ ಸಲ್ಲಬೇಕಾದ ಮೊತ್ತದ ವ್ಯಾಜ್ಯ ವರ್ಷಗಟ್ಟಲೆ ನಡೆದು, 2020ರಲ್ಲಿ ಸುಪ್ರೀಂ ಕೋರ್ಟ್ ಮೃತರೊಬ್ಬರ ಸಂಪಾದನೆಯನ್ನು ಆಧಾರವಾಗಿಟ್ಟು ಅವರ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು 7.64 ಕೋಟಿ ರೂಪಾಯಿಗೆ ನಿಗದಿಪಡಿಸಿತು.